ನಗೆಯ ಹೊಣೆ

ಪರರ ಕೇಡನ್ನು ಕಂಡು ನಗಬಹುದೆ? ಪ್ರಶ್ನೆಯನ್ನು ಹೀಗೆ ನೇರವಾಗಿ ಕೇಳಿದರೆ ಸಜ್ಜನರಾರೂ ನಗಬಹುದೆಂದು ಹೇಳಲಾರರು. ಆದರೂ ಪ್ರಹಸನವನ್ನು ನೋಡಿ ನಗದ ಸಜ್ಜನರು ವಿರಳ. ಪ್ರಹಸನದಲ್ಲಿ ನಡೆಯುವುದೆಲ್ಲವೂ ಕೇಡೇ: ಜಿಪುಣನ ಹಣ ಕಳುವಾಗುವುದು, ಡಾಂಭಿಕನ ವೇಷ ಕಳಚುವುದು, ಕುಡುಕನು ಕೆಸರಿನಲ್ಲಿ ಬೀಳುವುದು. ಬೀದಿಯಲ್ಲಿ ನಡೆದರೆ ಮರುಕ ಹುಟ್ಟಿಸುವ ಸಂಗತಿಯೇ ರಂಗದ ಮೇಲೆ ನಡೆದರೆ ನಗೆ ಹುಟ್ಟಿಸುವುದು. ಹಾಗಾದರೆ ರಂಗದ ನಗೆಗೆ ಹೊಣೆಯೆಂಬುದೇ ಇಲ್ಲವೆ? ಇದ್ದರೆ ಅದನ್ನು ಹೊರತಕ್ಕವರು ಯಾರು? ರಚಿಸಿದವನೋ, ತೋರಿಸುವವನೋ, ನಗುವವನೋ? ರಚಿಸಿದವನು ಗತಿಸಿದ ಮೇಲೆ ಅವನ ಕೃತಿಯಲ್ಲಿ ದೋಷ ಕಂಡುಬಂದರೆ ಅದನ್ನು ತಿದ್ದುವ ಅಧಿಕಾರ ಉಳಿದವರಿಗೆ ಉಂಟೆ?

ಈ ಪ್ರಶ್ನೆಗಳನ್ನು ವಿಚಾರಿಸುವುದಕ್ಕೆ ಗ್ರಂಥಸ್ಥವಾದ ನಾಟಕಗಳಿಗಿಂತಲೂ ಅಮೆರಿಕಾ ದೇಶದ ಒಂದು ದೋಣಿಯಾಟವು ಹೆಚ್ಚು ಅನುಕೂಲವಾದ ಉದಾಹರಣೆಯಾಗಿರುವುದು. ಮಕ್ಕಳ ವಿನೋದಕ್ಕಾಗಿ ಮಾಡಿದ ವಸ್ತುವಿನಲ್ಲಿ ಧರ್ಮವಿಚಾರವೇಕೆ ಎಂದು ವಾಚಕರು ಕೇಳಬಹುದು. ದೊಡ್ಡವರು ಎಚ್ಚರದಿಂದ ಮಾಡುವ ಕಾರ್ಯಗಳಲ್ಲಿ ಅವರ ಸಿದ್ಧಾಂತಗಳು ಕಾಣುವುವು. ಎಚ್ಚರ ತಪ್ಪಿ ನಗುವ ಕಡೆಗಳಲ್ಲಿ ಅವರ ಸ್ವಭಾವವು ಕಾಣುವುದು. ಆದಕಾರಣ ವಿನೋದವನ್ನು ವಿಚಾರಣೆಯಿಂದ ಬಿಡತಕ್ಕದ್ದಲ್ಲ.

ಚಿತ್ರಕಥೆಗಳಿಂದ ಲೋಕಪ್ರಸಿದ್ಧನಾದ ವಾಲ್ಟ್ ಡಿಸ್ನಿ ಎಂಬಾತನು 1955ನೆಯ ಇಸವಿ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್ ಪಟ್ಟಣದಲ್ಲಿ ಡಿಸ್ನಿಲ್ಯಾಂಡ್ ಎಂಬ ವಿನೋದೋದ್ಯಾನವನ್ನು ತೆರೆದನು. ಅದರ ಒಂದು ಭಾಗವನ್ನು ದಕ್ಷಿಣದ ನ್ಯೂ ಆರ್ಲಿಯನ್ಸ್ ನಗರದ ಹಳೆಯ ಬೀದಿಗಳಂತೆ ನಿರ್ಮಿಸಿ, ಅದರ ನೆಲಮಾಳಿಗೆಯಲ್ಲಿ ಕಡಲ್ಗಳ್ಳರ ಮೇಣದ ಬೊಂಬೆಗಳನ್ನು ನಿಲ್ಲಿಸಬೇಕೆಂಬುದು ಅವನ ಮೊದಲ ಸಂಕಲ್ಪವಾಗಿದ್ದಿತು. ನೋಡುವವರು ನಡೆದುಕೊಂಡು ಹೋಗಿ, ಬೊಂಬೆಗಳ ಮುಂದೆ ನಿಂತು, ಮುಂದಕ್ಕೆ ಸಾಗಬೇಕು. ಕ್ಯಾರಿಬಿಯನ್ ಸಮುದ್ರದಲ್ಲಿ ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಹಡಗುಗಳನ್ನೂ ಊರುಗಳನ್ನೂ ಕೊಳ್ಳೆಹೊಡೆಯುತ್ತಿದ್ದ ದರೋಡೆಗಾರರೇ ಈ ಬೊಂಬೆಗಳ ವಿಷಯ. ನೆಲಮಾಳಿಗೆಯ ಅಗೆತವೂ ಮೊದಲಾಯಿತು. ಆದರೆ ಅಷ್ಟರಲ್ಲಿ ಬೇರೊಂದು ಕಾರ್ಯವು ಒದಗಿ ಬಂದುದರಿಂದ ಈ ಕೆಲಸವು ನಿಂತುಹೋಯಿತು.

ಆ ಕಾರ್ಯವೇ 1964 ಮತ್ತು 1965ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಿಶ್ವಪ್ರದರ್ಶನ. ಅದಕ್ಕಾಗಿ ಡಿಸ್ನಿಯ ಶಿಲ್ಪಿಗಳು ನಾಲ್ಕು ಪ್ರದರ್ಶನಗಳನ್ನು ಸಿದ್ಧಪಡಿಸಿದರು. ಇವುಗಳಿಂದ ಅವರಿಗೆ ಎರಡು ವಿದ್ಯೆಗಳು ಕೈವಶವಾದುವು. ಮೊದಲನೆಯದು, ಧ್ವನಿಯೊಡನೆ ಅಳವಟ್ಟು ಚಲಿಸುವ ಬೊಂಬೆಗಳ ಯಂತ್ರವಿದ್ಯೆ. ಕಾಂತನಾಡದಲ್ಲಿ ಧ್ವನಿಯಂತೆಯೇ ಅಡಗಿಸಿಟ್ಟ ಸಂಕೇತಗಳು, ಗಾಳಿಯ ಅಥವಾ ಎಣ್ಣೆಯ ಒತ್ತಡದ ಮೂಲಕ ಬೊಂಬೆಯ ತುಟಿ, ಕಣ್ಣು, ಕೈಗಳನ್ನು ಆಡಿಸುವುವು. 1963ರಲ್ಲಿ ಹಕ್ಕಿಗಳ ಗೋಷ್ಠಿಯೊಂದರಲ್ಲಿ ಪ್ರಯೋಗವಾದ ಈ ವಿದ್ಯೆಯಿಂದ ನ್ಯೂಯಾರ್ಕಿನಲ್ಲಿ ಅಬ್ರಹಾಂ ಲಿಂಕನನ ಪ್ರತಿಮೆಯು ಎದ್ದು ನಿಂತು ಭಾಷಣ ಮಾಡಿತು. ಎರಡನೆಯದು ದೋಣಿಯ ವಿದ್ಯೆ. ಲೋಕದ ಮಕ್ಕಳನ್ನೆಲ್ಲ ಬೊಂಬೆಗಳಾಗಿ ತೋರಿಸುವ ಪ್ರದರ್ಶನಕ್ಕೆ, ಕಾಲುವೆಯ ನೀರನ್ನು ಚಿಮ್ಮಿಸಿ ದೋಣಿಗಳನ್ನು ತಳ್ಳುವ ಕ್ರಮವನ್ನು ಆರೋ ಡೆವಲಪ್‌ಮೆಂಟ್ ಎಂಬ ಕಂಪನಿಯೊಡಗೂಡಿ ಸಿದ್ಧಪಡಿಸಿದರು. ನಡೆಯುವ ಜನರು ಬೇಕಾದಲ್ಲಿ ನಿಂತು ಹಿಂದಿನವರಿಗೆ ಅಡ್ಡಿಯಾಗುವರು. ದೋಣಿಯಲ್ಲಾದರೆ ಎಲ್ಲರೂ ಒಂದೇ ವೇಗದಲ್ಲಿ, ಒಂದೇ ಕ್ರಮದಲ್ಲಿ, ಬಹುಸಂಖ್ಯೆಯಲ್ಲಿ ಸಾಗುವರು. ಇದನ್ನು ಕಂಡ ಮೇಲೆ ಕಡಲ್ಗಳ್ಳರ ಮೇಣದ ಶಾಲೆಯ ಯೋಜನೆಯು ಬಿದ್ದುಹೋಗಿ, ಅದು ದೋಣಿಯಾಟವಾಯಿತು.

ನೆಲಮಾಳಿಗೆಯು ಈ ಹೊಸ ಯೋಜನೆಗೆ ಸಾಲದೆ ಹೋಯಿತು. ಉದ್ಯಾನವನ್ನು ಸುತ್ತುವರಿದ ಮಣ್ಣಿನ ದಿಬ್ಬದ ಮೇಲೆ ರೈಲುಹಾದಿಯೊಂದುಂಟು. ದೊಡ್ಡ ಕಟ್ಟಡವನ್ನು ದಿಬ್ಬದ ಆಚೆಗೆ ಕಟ್ಟಿ, ದೋಣಿಗಳು ಎರಡು ಕಡೆ ಇಳಿಜಾರಿನಲ್ಲಿ ಜಾರಿ, ಹಳಿಗಳ ಕೆಳಗೆ ನುಸುಳಿ ಅಲ್ಲಿಗೆ ಹೋಗುವಂತೆ ಮಾಡಿದರು. ನೋಡುವವರಿಗೆ ರೋಮಾಂಚವನ್ನುಂಟುಮಾಡುವ ಆ ಜಾರುವಿಕೆಯು ವಾಸ್ತವವಾಗಿ ಸ್ಥಳಾಭಾವದಿಂದ ಹುಟ್ಟಿದುದು. ದೃಶ್ಯಗಳ ಹಾಸ್ಯವನ್ನು ಮಾರ್ಕ್ ಡೇವಿಸನು ಕಲ್ಪಿಸಿದನು. ಗವಿ, ಬೀದಿ, ಬೆಳಕುಗಳ ಆವರಣವನ್ನು ಕ್ಲಾಡ್ ಕೋಟ್ಸನು ರೂಪಿಸಿದನು. ಮುಖಗಳನ್ನು ಬ್ಲೇನ್ ಗಿಬ್ಸನನು ಕಡೆದನು. ಉರಿಯುವ ಊರಿನ ಸುಳ್ಳು ಬೆಂಕಿಯನ್ನು ಯೇಲ್ ಗ್ರೇಸಿಯು ಮಾಡಿದನು. ಮಾತುಗಳನ್ನೂ ಹಾಡಿನ ಪದಗಳನ್ನೂ ಕ್ಸೇವಿಯರ್ ಅಟೆನ್ಸಿಯೊ ಬರೆದನು. ಡಿಸ್ನಿಯು ತನ್ನ ಕೊನೆಯ ತಿಂಗಳುಗಳಲ್ಲಿ ಈ ಕೆಲಸವನ್ನು ನೋಡಬಂದಾಗ, ಕಾರ್ಯಶಾಲೆಯಲ್ಲಿ ಹರಾಜಿನ ದೃಶ್ಯವನ್ನು ಜೋಡಿಸಿಟ್ಟು, ಅವನನ್ನು ಗಾಲಿಯ ಬಂಡಿಯ ಮೇಲೆ ಕುಳ್ಳಿರಿಸಿ, ದೋಣಿಯ ವೇಗದಲ್ಲಿ ಅದರ ಮುಂದೆ ತಳ್ಳಿಕೊಂಡು ಹೋದರು. 1966ರ ಡಿಸೆಂಬರ್ 15ರಂದು ಅವನು ತೀರಿಕೊಂಡನು. ಆಟವು 1967ರ ಮಾರ್ಚ್ 18ರಂದು ತೆರೆಯಿತು. ಮಾಡಿಸಿದವನು ಆ ದೋಣಿಯಲ್ಲಿ ನೀರಿನ ಮೇಲೆ ಒಮ್ಮೆಯೂ ಕುಳಿತವನಲ್ಲ.

ಅವನು ಬಂಡಿಯಲ್ಲಿ ಕುಳಿತು ನೋಡಿದ ಆ ಹರಾಜಿನ ದೃಶ್ಯವೇ ಪ್ರಕೃತ ವಿಚಾರಕ್ಕೆ ಮೂಲವಾದುದು. ಕೊಳ್ಳೆಹೊಡೆದ ಊರಿನ ಹೆಂಗಸರನ್ನು ಹಗ್ಗದಿಂದ ಕಟ್ಟಿ ಸಾಲಾಗಿ ನಿಲ್ಲಿಸಿದ್ದಾರೆ. ಕಳ್ಳರ ನಾಯಕನು ಒಬ್ಬೊಬ್ಬಳನ್ನಾಗಿ ಹರಾಜು ಹಾಕುತ್ತಾನೆ. ಸ್ಥೂಲಕಾಯದ ಒಬ್ಬಳನ್ನು ಯಾರೂ ಕೊಳ್ಳಲೊಲ್ಲರು. ಅವಳ ಹಿಂದೆ ನಿಂತ ಕೆಂಗೂದಲಿನ ಚೆಲುವೆಗಾಗಿ ಕುಡಿದ ಕಳ್ಳರು ಕೂಗಾಡುತ್ತಾರೆ. ಜನರು ಇದನ್ನು ನೋಡಿ ಐವತ್ತು ವರ್ಷ ನಕ್ಕರು. 2018ರಲ್ಲಿ ಈ ದೃಶ್ಯವನ್ನು ಬದಲಾಯಿಸಿದರು. ಈಗ ಹರಾಜಾಗುವುದು ಊರವರಿಂದ ಕಿತ್ತುಕೊಂಡ ಸಾಮಾನುಗಳು. ಕೆಂಗೂದಲಿನವಳು ತಾನೇ ಕಡಲ್ಗಳ್ಳಿಯಾಗಿ ಆಯುಧ ಹಿಡಿದು ನಿಂತಿದ್ದಾಳೆ. ಇದಕ್ಕೂ ಮೊದಲು 1997ರಲ್ಲಿ, ಕಳ್ಳರು ಹೆಂಗಸರ ಬೆನ್ನಟ್ಟುವ ದೃಶ್ಯಗಳಲ್ಲಿ ಹೆಂಗಸರ ಕೈಗೆ ತಿಂಡಿಯ ತಟ್ಟೆಗಳನ್ನು ಕೊಟ್ಟು, ಬೆನ್ನಟ್ಟುವುದು ತಿಂಡಿಗಾಗಿ ಎಂಬಂತೆ ಮಾಡಿದ್ದರು. ಎರಡು ಸಲವೂ ಜನರಲ್ಲಿ ವಾದವೆದ್ದಿತು. ಆ ವಾದದಲ್ಲಿ ಪೂರ್ವಪಕ್ಷವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಪೂರ್ವಪಕ್ಷದ ಮೊದಲನೆಯ ಮಾತು ಇದು: ಈ ಆಟವು ಪಾಪವನ್ನು ಹೊಗಳುವುದಿಲ್ಲ. ದೋಣಿಯು ಮೊದಲು ಹೋಗುವುದು ಗವಿಗಳೊಳಕ್ಕೆ. ಅಲ್ಲಿ ಕಳ್ಳರ ಅಸ್ಥಿಪಂಜರಗಳು ಬಿದ್ದಿವೆ: ಒಂದು ಬತ್ತದ ದಾಹದಿಂದ ಇನ್ನೂ ಮದ್ಯ ಹೀರುತ್ತಿದೆ, ಇನ್ನೊಂದು ಚಿನ್ನದ ರಾಶಿಯ ಮೇಲೆ ಕುಳಿತಿದೆ. ಅನಂತರವೇ ಆ ಕಳ್ಳರು ಬದುಕಿದ್ದಾಗ ಮಾಡಿದ ಕೊಳ್ಳೆಯು ಕಾಣುವುದು. ಮೊದಲು ಕರ್ಮ, ಬಳಿಕ ಫಲ ಎಂಬುದು ಲೋಕದ ಕ್ರಮ. ಇಲ್ಲಿ ಫಲವನ್ನು ಮೊದಲು ತೋರಿಸಿ ಕರ್ಮವನ್ನು ಬಳಿಕ ತೋರಿಸಿರುವುದು. ಮೂಳೆಯನ್ನು ಕಂಡು ಬಂದವನು ಕುಣಿತವನ್ನು ನೋಡಿ ಮರುಳಾಗುವನೆ?

ಎರಡನೆಯ ಮಾತು: ಕೃತಿಯು ಕರ್ತೃವಿನದು. ಸತ್ತವನು ಪ್ರತಿವಾದ ಮಾಡಲಾರನು. ಆದುದರಿಂದಲೇ ಅವನ ಕೃತಿಯನ್ನು ಕಾಯುವ ಹೊಣೆಯು ಬದುಕಿದವರಿಗೆ ಹೆಚ್ಚು. ಇಂದು ಒಬ್ಬರಿಗೆ ಹಿಡಿಸದ ದೃಶ್ಯವನ್ನು ತೆಗೆದರೆ ನಾಳೆ ಇನ್ನೊಬ್ಬರಿಗೆ ಹಿಡಿಸದುದನ್ನು ತೆಗೆಯಬೇಕಾಗುವುದು.

ಮೂರನೆಯ ಮಾತು ಎಲ್ಲಕ್ಕಿಂತ ಬಲವಾದುದು: ತಿದ್ದಿದ ದೃಶ್ಯವು ಸುಳ್ಳು. ಕ್ಯಾರಿಬಿಯನ್ ಕಳ್ಳರೊಡನೆ ವೈದ್ಯನಾಗಿದ್ದ ಎಕ್ಸ್‌ಕ್ವೆಮೆಲಿನ್ ಎಂಬಾತನು 1678ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅವರು ಸೆರೆಯಾಳುಗಳಿಗೆ ಕೊಟ್ಟ ಚಿತ್ರಹಿಂಸೆಯ ವರ್ಣನೆಗಳಿವೆ. ಹೆನ್ರಿ ಮೋರ್ಗನ್ ಎಂಬವನು 1668ರಲ್ಲಿ ಪೋರ್ಟೊಬೆಲೊ ಪಟ್ಟಣವನ್ನೂ 1671ರಲ್ಲಿ ಪನಾಮಾ ನಗರವನ್ನೂ ಕೊಳ್ಳೆಹೊಡೆದನು. ಆದರೂ 1674ರಲ್ಲಿ ಇಂಗ್ಲೆಂಡಿನ ದೊರೆಯಿಂದ ಸರ್ ಪದವಿಯನ್ನು ಪಡೆದು ಜಮೈಕಾ ದ್ವೀಪದ ಉಪರಾಜ್ಯಪಾಲನಾದನು. ತನ್ನ ಕ್ರೌರ್ಯವನ್ನು ಬಣ್ಣಿಸಿದ ಆ ಗ್ರಂಥವು ಇಂಗ್ಲಿಷಿನಲ್ಲಿ ಬಂದಾಗ ಪ್ರಕಾಶಕರ ಮೇಲೆ ಮಾನನಷ್ಟದ ದಾವೆಯನ್ನೂ ಹೂಡಿದನು. ಸ್ವತಃ ಕಳ್ಳರೇ ತಮ್ಮ ಚರಿತ್ರೆಯನ್ನು ತೊಳೆದು ತೋರಿಸಬೇಕೆಂದು ಬಯಸಿದರು. ಹೆಂಗಸರ ಹರಾಜನ್ನು ಕೋಳಿ, ಕೊಪ್ಪರಿಗೆಗಳ ಹರಾಜಾಗಿ ಮಾಡುವವರು ಆ ಬಯಕೆಯನ್ನೇ ಈಡೇರಿಸುವುದಿಲ್ಲವೆ?

ಈ ಮೂರು ಮಾತುಗಳನ್ನೂ ಕ್ರಮವಾಗಿ ಪರಿಶೀಲಿಸಬೇಕು.

ಮೊದಲನೆಯದಕ್ಕೆ ಉತ್ತರವು ರಸಶಾಸ್ತ್ರದಲ್ಲಿ ದೊರೆಯುವುದು. ರಂಗದ ಮೇಲಿನ ದುಃಖವು ಪ್ರೇಕ್ಷಕನಿಗೆ ಆನಂದವಾಗಬೇಕಾದರೆ, ಆ ದುಃಖವು ತನ್ನದೂ ಅಲ್ಲದೆ, ಶತ್ರುವಿನದೂ ಅಲ್ಲದೆ, ಯಾರೊಬ್ಬರದೂ ಅಲ್ಲದೆ ತೋರಬೇಕು. ಇದನ್ನೇ ಭಟ್ಟನಾಯಕನು ಸಾಧಾರಣೀಕರಣವೆಂದನು. ಇದಕ್ಕೆ ಅಡ್ಡಬರುವ ವಿಘ್ನಗಳನ್ನು ಎಣಿಸುವಾಗ, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದೂ ಒಂದು ವಿಘ್ನವೆಂದು ಅಭಿನವಗುಪ್ತನು ಹೇಳಿರುವನು. ಆದುದರಿಂದ ದೃಶ್ಯದಲ್ಲಿ ಕ್ರೌರ್ಯವಿದೆಯೇ ಇಲ್ಲವೇ ಎಂದು ಕೇಳಿದರೆ ಸಾಲದು. ದೋಣಿಯಲ್ಲಿ ಕುಳಿತವರಾರು ಎಂದು ಕೇಳಬೇಕು.

ಒಂದು ದೋಣಿಯಲ್ಲಿ ತಂದೆ, ತಾಯಿ, ಹತ್ತು ವರ್ಷದ ಮಗಳು ಕುಳಿತಿರುವರೆಂದು ಭಾವಿಸಿಕೊಳ್ಳಬಹುದು. ಸುಳ್ಳು ಫಿರಂಗಿಗಳು ಹಾರಿದಾಗ ಮೂವರೂ ಒಟ್ಟಿಗೆ ಬೆಚ್ಚುವರು. ಹಂದಿಗಳ ನಡುವೆ ಮಲಗಿದ ಕುಡುಕನನ್ನು ಕಂಡು ಮೂವರೂ ಒಟ್ಟಿಗೆ ನಗುವರು. ಹರಾಜಿನ ಮುಂದೆ ಬಂದಾಗ ತಂದೆಯು ನಗುವನು. ಮಗಳು ಕಟ್ಟಿನಿಂತ ಹೆಂಗಸರನ್ನು ನೋಡಿ, ಬೆಲೆಯ ಕೂಗನ್ನು ಕೇಳಿ, ದಪ್ಪಗಿರುವವಳನ್ನು ಬೇಡವೆನ್ನುವುದನ್ನು ಕೇಳಿ, "ಅಮ್ಮ, ಅವರನ್ನು ಯಾಕೆ ಮಾರುತ್ತಾರೆ?" ಎಂದು ಕೇಳುವಳು. ಆಗ ತಾಯಿಯು ಏನು ಹೇಳಬೇಕು? ಆ ಕ್ಷಣದಲ್ಲಿ ದೋಣಿಯೊಂದೇ ಆದರೂ ಪ್ರೇಕ್ಷಕರು ಎರಡಾದರು. ಒಬ್ಬನು ಕೊಳ್ಳುವವರ ಕಡೆಯಿಂದ ನೋಡುತ್ತಾನೆ. ಒಬ್ಬಳು ಹಗ್ಗದ ಕಡೆಯಿಂದ ನೋಡುತ್ತಾಳೆ. ಮೂಳೆಗಳನ್ನು ಮೊದಲೇ ತೋರಿಸಿದ್ದರೂ ಈ ಭೇದವು ಹೋಗುವುದಿಲ್ಲ. ಗವಿಯು ಕಳ್ಳನಿಗೆ ಏನಾಯಿತೆಂಬುದನ್ನು ಹೇಳುವುದೇ ಹೊರತು ಮಾರಲ್ಪಟ್ಟವಳಿಗೆ ಏನಾಯಿತೆಂಬುದನ್ನು ಹೇಳುವುದಿಲ್ಲ.

ಸ್ಥಳದ ಸಂಗತಿಯೂ ಇಲ್ಲಿ ಲೆಕ್ಕಕ್ಕೆ ಬರುವುದು. ಆಟಕ್ಕೆ ಬಾಗಿಲಾಗಿರುವುದು ನ್ಯೂ ಆರ್ಲಿಯನ್ಸಿನ ಬೀದಿಗಳ ಪ್ರತಿಕೃತಿ. ನಿಜವಾದ ನ್ಯೂ ಆರ್ಲಿಯನ್ಸ್, ಅಮೆರಿಕದ ಅಂತರ್ಯುದ್ಧಕ್ಕೆ ಮುಂಚೆ, ಆ ದೇಶದ ಗುಲಾಮರ ಮಾರುಕಟ್ಟೆಗಳಲ್ಲೆಲ್ಲ ಅತಿ ದೊಡ್ಡದಾಗಿದ್ದಿತು. ಅಲ್ಲಿಯ ಸೇಂಟ್ ಲೂಯಿಸ್ ಹೋಟೆಲಿನ ಗುಮ್ಮಟದ ಕೆಳಗೆ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಹರಾಜು ಹಾಕುತ್ತಿದ್ದರು. 1865ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಆ ವ್ಯಾಪಾರವು ನಿಷಿದ್ಧವಾಯಿತು. ಹೀಗೆ ಮಾರಾಟವಾದವರ ಮರಿಮಕ್ಕಳೂ ಆ ದೋಣಿಯಲ್ಲಿ ಕುಳಿತುಕೊಳ್ಳುವರು. ಆ ಸಾಲಿನಲ್ಲಿ ನಿಂತವರು ತಮ್ಮವರೇ ಎಂದು ತಿಳಿದವರಿಗೆ ಅದು ಹೇಗೆ ಪ್ರಹಸನವಾದೀತು?

ಪುಸ್ತಕಕ್ಕೂ ದೋಣಿಗೂ ಇರುವ ಒಂದು ಭೇದವನ್ನೂ ಮರೆಯಲಾಗದು. ಹಿಡಿಸದ ಪುಸ್ತಕವನ್ನು ಮುಚ್ಚಬಹುದು. ನಾಟಕದಿಂದ ಎದ್ದು ಹೋಗಬಹುದು. ಮೇಣದ ಶಾಲೆಯಲ್ಲಾದರೆ ಮುಖ ತಿರುಗಿಸಿ ಮುಂದಕ್ಕೆ ನಡೆಯಬಹುದಾಗಿದ್ದಿತು. ದೋಣಿಯಲ್ಲಿ ಕುಳಿತವನು ನಡುನೀರಿನಲ್ಲಿ ಇಳಿಯಲಾರನು. ಎಲ್ಲರನ್ನೂ ಒಂದೇ ವೇಗದಲ್ಲಿ ಒಯ್ಯುವ ಯಾವ ಗುಣಕ್ಕಾಗಿ ದೋಣಿಯನ್ನು ಆರಿಸಿದರೋ ಆ ಗುಣವೇ ತೋರಿಸುವವನ ಹೊಣೆಯನ್ನು ಹೆಚ್ಚಿಸಿತು. ಪ್ರೇಕ್ಷಕನ ಸ್ವಾತಂತ್ರ್ಯವನ್ನು ಎಷ್ಟು ತೆಗೆದುಕೊಂಡರೆ ಅಷ್ಟು ಅವನ ಮಾನವನ್ನು ಕಾಯತಕ್ಕದ್ದು.

ಎರಡನೆಯ ಮಾತಿಗೆ ಉತ್ತರವು ಡಿಸ್ನಿಯ ನಡತೆಯಲ್ಲಿಯೇ ಇದೆ. ಲೋಕದಲ್ಲಿ ಕಲ್ಪನಾಶಕ್ತಿ ಇರುವವರೆಗೂ ತನ್ನ ಉದ್ಯಾನವು ಮುಗಿಯತಕ್ಕದ್ದಲ್ಲವೆಂಬುದು ಅವನ ಪ್ರಸಿದ್ಧವಾದ ಅಭಿಪ್ರಾಯ. ಮೇಣದ ಶಾಲೆಯನ್ನು ದೋಣಿಯಾಟವಾಗಿ ಮಾಡಿದವನು ಅವನೇ. ಆದರೆ ಈ ಉತ್ತರವನ್ನು ಮಿತಿಮೀರಿ ಎಳೆಯಬಾರದು. ಕರ್ತೃವು ಬೆಳೆಯಲು ಅನುಮತಿ ಕೊಟ್ಟನೆಂದರೆ ಎಲ್ಲ ಬದಲಾವಣೆಗೂ ಅನುಮತಿ ಕೊಟ್ಟಂತಲ್ಲ. 2003ರಲ್ಲಿ ಈ ಆಟದ ಹೆಸರಿನಿಂದಲೇ ಒಂದು ಚಲನಚಿತ್ರವು ಹೊರಬಂದು ಗೆದ್ದಿತು. 2006ರಲ್ಲಿ ಆ ಚಿತ್ರದ ನಾಯಕನಾದ ಜ್ಯಾಕ್ ಸ್ಪ್ಯಾರೋ ಎಂಬ ಕಳ್ಳನ ಬೊಂಬೆಯನ್ನು ಆಟದೊಳಗೆ ಸೇರಿಸಿದರು. ಮಗುವು ತಾಯಿಯಿಂದ ಹುಟ್ಟುವುದು ಸಹಜ. ಇಲ್ಲಿ ತಾಯಿಯ ಮುಖವನ್ನು ಮಗುವಿನಂತೆ ತಿದ್ದಿದರು. ಆ ಬದಲಾವಣೆಯಿಂದ ಯಾರ ನೋವೂ ನೀಗಲಿಲ್ಲ. ಚಿತ್ರದ ಕೀರ್ತಿಯು ಆಟಕ್ಕೂ ಆಟದ ಕೀರ್ತಿಯು ಚಿತ್ರಕ್ಕೂ ಒದಗಿತು, ಅಷ್ಟೆ. ಅದನ್ನು ಪಾಪವೆನ್ನಬೇಕಾಗಿಲ್ಲ, ಆದರೆ 2018ರ ಬದಲಾವಣೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗತಕ್ಕದ್ದೂ ಅಲ್ಲ. ಇಂದು ಒಂದನ್ನು ತೆಗೆದರೆ ನಾಳೆ ಎಲ್ಲವನ್ನೂ ತೆಗೆಯಬೇಕಾದೀತೆಂಬ ಭಯಕ್ಕೆ ಸಮಾಧಾನವೂ ಇಷ್ಟೆ: ಯಾವ ಕಾರಣಕ್ಕಾಗಿ ತೆಗೆಯುವರೆಂಬುದನ್ನು ಪ್ರತಿಸಲವೂ ಕೇಳುವ ವಿವೇಕವಿದ್ದರೆ ತೆಗೆಯುವುದು ತಾನೇ ತಾನಾಗಿ ಹಬ್ಬಲಾರದು.

ಇನ್ನು ಮೂರನೆಯ ಮಾತು. ತಿದ್ದಿದ ದೃಶ್ಯವು ಚರಿತ್ರೆಯಲ್ಲವೆಂಬುದು ನಿಜ. ಆದರೆ ತಿದ್ದದ ದೃಶ್ಯವಾದರೂ ಚರಿತ್ರೆಯಾಗಿದ್ದಿತೆ? ಪೋರ್ಟೊಬೆಲೊದಲ್ಲಿ ಸೆರೆಸಿಕ್ಕವರು ಹಾಡಿಗೆ ತಾಳವಾಗಿ ನಿಲ್ಲಲಿಲ್ಲ. ಕ್ರೌರ್ಯವನ್ನು ನಗೆಯಾಗಿಸಿದುದು ಮೊದಲನೆಯ ಸುಳ್ಳು; ಆ ನಗೆಯನ್ನು ತೆಗೆದು ಕ್ರೌರ್ಯವೇ ಇರಲಿಲ್ಲವೆಂಬಂತೆ ಮಾಡುವುದು ಎರಡನೆಯ ಸುಳ್ಳು. ಒಂದರಿಂದ ಇನ್ನೊಂದನ್ನು ಸಮರ್ಥಿಸುವುದು ಕೆಸರಿನಿಂದ ಕೆಸರನ್ನು ತೊಳೆದಂತೆ. ಯುದ್ಧ, ಮರಣ, ನಗರದ ಮುತ್ತಿಗೆ ಮೊದಲಾದವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಸೂಚಿಸಬೇಕೆಂದು ಭರತಮುನಿಯು ವಿಧಿಸಿರುವನು. ಅವು ನಡೆಯಲೇ ಇಲ್ಲವೆಂದು ಹೇಳಬೇಕೆಂದು ವಿಧಿಸಲಿಲ್ಲ. ತೋರಿಸದಿರುವುದು ಬೇರೆ, ಅಲ್ಲಗಳೆಯುವುದು ಬೇರೆ.

ಈ ಅಳತೆಯಿಂದ ನೋಡಿದರೆ ಹೊಸ ದೃಶ್ಯವೂ ನಿರ್ದೋಷವಲ್ಲ. ಮಾರಲ್ಪಡುತ್ತಿದ್ದವಳಿಗೆ ಮಾನವನ್ನು ಕೊಡಬೇಕೆಂದು ಅವಳನ್ನು ದೋಚುವವರ ಗುಂಪಿಗೆ ಸೇರಿಸಿದರು. ಹಗ್ಗದಿಂದ ಬಿಡುಗಡೆಯಾಗುವುದಕ್ಕೆ ಕಳ್ಳಿಯಾಗುವುದೊಂದೇ ದಾರಿಯೆಂದು ತಿಳಿದರೆ ಅದು ಆ ಮಗುವಿಗೆ ಒಳ್ಳೆಯ ಪಾಠವಲ್ಲ. ಊರಿನ ಮುಖ್ಯಸ್ಥನನ್ನು ಬಾವಿಯಲ್ಲಿ ಮುಳುಗಿಸಿ ಎತ್ತಿ ನಿಧಿಯ ಗುಟ್ಟನ್ನು ಕೇಳುವ ದೃಶ್ಯವು ಹಾಗೆಯೇ ಉಳಿದಿದೆ, ಅದೂ ಹಿಂಸೆಯೇ. ಆದರೂ ಎರಡಕ್ಕೂ ಭೇದವುಂಟು. ಮುಖ್ಯಸ್ಥನಲ್ಲಿ ಒಂದು ಗುಟ್ಟಿದೆ. ಅದನ್ನು ಹೇಳುವುದು ಬಿಡುವುದು ಅವನ ಕೈಯಲ್ಲಿದೆ. ಕಳ್ಳರ ಎದುರಿನಲ್ಲಿ ಅವನು ಇನ್ನೂ ಮನುಷ್ಯನೇ. ಹರಾಜಿನ ಸಾಲಿನಲ್ಲಿ ನಿಂತವರು ವಸ್ತುಗಳಾಗಿದ್ದರು. ಮನುಷ್ಯನ ಕಷ್ಟವನ್ನು ಕಂಡು ನಗುವ ನಗೆಯು ಮುಂದೆ ಮರುಕವಾಗಿ ತಿರುಗಬಲ್ಲುದು. ಮನುಷ್ಯನನ್ನು ವಸ್ತುವಾಗಿ ಕಂಡು ನಗುವ ನಗೆಯು ಮರುಕವಾಗಿ ತಿರುಗುವುದು ಕಷ್ಟ, ವಸ್ತುವಿಗೆ ಮರುಗುವವರಾರು?

ಹೀಗಿರಲು ಸಿದ್ಧಾಂತವೇನು? ಗತಿಸಿದವನ ಕೃತಿಯನ್ನು ತಿದ್ದಬಹುದು. ಆದರೆ ಮೂರು ನಿಬಂಧನೆಗಳಿಗೆ ಒಳಪಟ್ಟು ತಿದ್ದಬೇಕು. ತಿದ್ದುವ ಕಾರಣವು ಲಾಭವಾಗಿರದೆ ವಿವೇಕವಾಗಿರಬೇಕು. ತಿದ್ದಿದ ಬಳಿಕವೂ ಕೃತಿಯ ಪ್ರಾಣವು ಉಳಿದಿರಬೇಕು. ಮೂಳೆಯ ಗವಿಯೂ, ಉರಿಯುವ ಊರೂ, ಕತ್ತಲೆಯ ನೀರೂ ಇಲ್ಲಿ ಪ್ರಾಣ, ಹರಾಜಿನ ಸಾಲು ಪ್ರಾಣವಲ್ಲ. ಮೂರನೆಯದಾಗಿ, ತಿದ್ದಿದೆವೆಂಬುದನ್ನು ಮರೆಮಾಚಬಾರದು. ವಿನೋದದ ಆಟವನ್ನು ದೇವಾಲಯಕ್ಕೆ ಹೋಲಿಸುವುದು ಉಚಿತವಲ್ಲವಾದರೂ, ನ್ಯಾಯಕ್ಕಾಗಿ ಮಾತ್ರ ಒಂದು ದೃಷ್ಟಾಂತವನ್ನು ತರಬಹುದು. ಭಿನ್ನವಾದ ವಿಗ್ರಹವನ್ನು ಬದಲಾಯಿಸುವಾಗ ಆಗಮವು ರಾತ್ರಿಯಲ್ಲಿ ಕದ್ದು ಬದಲಾಯಿಸೆಂದು ಹೇಳುವುದಿಲ್ಲ. ಕಲೆಯನ್ನು ಕಲಶಕ್ಕೆ ಆವಾಹಿಸಿ, ಹಳೆಯದನ್ನು ವಿಧಿಪೂರ್ವಕವಾಗಿ ನೀರಿಗೆ ಬಿಟ್ಟು, ಹೊಸದನ್ನು ಎಲ್ಲರೆದುರಿಗೆ ಪ್ರತಿಷ್ಠಿಸಬೇಕೆಂದು ಹೇಳುವುದು. ಹಳೆಯದು ಇದ್ದಿತು, ಅದಕ್ಕೆ ಹೀಗಾಯಿತು ಎಂಬ ನೆನಪೇ ಹೊಸದಕ್ಕೆ ಆಧಾರ.

ಹೊಣೆಯು ಯಾರದೆಂಬ ಮೊದಲ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ರಚಿಸಿದವನು ತನ್ನ ಕಾಲದ ಕಣ್ಣಿನಿಂದ ಕಂಡನು; ಅವನನ್ನು ದೂಷಿಸುವುದರಿಂದ ಈಗಿನವರು ದೊಡ್ಡವರಾಗುವುದಿಲ್ಲ. ತೋರಿಸುವವನು ತಿದ್ದಿಕೊಂಡನು, ಐವತ್ತು ವರ್ಷ ತಡವಾಗಿಯಾದರೂ. ಉಳಿದವನು ನಗುವವನು. ಐವತ್ತು ವರ್ಷ ನಕ್ಕವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ತಮ್ಮ ಪಕ್ಕದಲ್ಲಿ ಕುಳಿತವರು ನಗುತ್ತಿಲ್ಲವೆಂಬುದನ್ನು ಕತ್ತಲೆಯಲ್ಲಿ ಅವರು ನೋಡಲಿಲ್ಲ, ಅಷ್ಟೆ. ಧರ್ಮವು ನಗಬೇಡವೆಂದು ವಿಧಿಸುವುದಿಲ್ಲ. ನಗುವಾಗ ಒಮ್ಮೆ ಪಕ್ಕಕ್ಕೆ ತಿರುಗಿ ನೋಡೆಂದು ಮಾತ್ರ ಹೇಳುವುದು.

ದೋಣಿಯು ಕೊನೆಯಲ್ಲಿ ಏರುಹಾದಿಯನ್ನು ಹತ್ತಿ ಹೊರಟ ಸ್ಥಳಕ್ಕೇ ಬರುವುದು. ಮಗಳು ಇಳಿದು ಮೆಟ್ಟಿಲ ಮೇಲೆ ನಿಂತು ತಾಯಿಯ ಕಡೆ ನೋಡುತ್ತಾಳೆ. ದೃಶ್ಯವು ಬದಲಾಯಿತೆಂದು ತಾಯಿಗೆ ಉತ್ತರ ಹೇಳುವ ಕೆಲಸ ತಪ್ಪಿತೆಂದಲ್ಲ. ಹಿಂದೆ ಇಲ್ಲಿ ಹೆಂಗಸರನ್ನು ಮಾರುವ ಬೊಂಬೆಗಳಿದ್ದುವು, ನಿಜವಾಗಿಯೂ ಒಂದು ಕಾಲದಲ್ಲಿ ಹಾಗೆ ಮಾರುತ್ತಿದ್ದರು, ಅದು ನಗುವ ಸಂಗತಿಯಲ್ಲವೆಂದು ತಿಳಿದು ಬೊಂಬೆಗಳನ್ನು ತೆಗೆದರು ಎಂದು ಅವಳು ಮಗುವಿಗೆ ಹೇಳಬಲ್ಲಳು. ಮೂರು ವಾಕ್ಯಗಳು ಸಾಕು. ಅವನ್ನು ಹೇಳಿದರೆ ತಿದ್ದಿದುದು ಸಾರ್ಥಕವಾಗುವುದು. ಹೇಳದಿದ್ದರೆ ಬೊಂಬೆಗಳು ಬದಲಾದುವೇ ಹೊರತು ಮನುಷ್ಯರು ಬದಲಾಗಲಿಲ್ಲವೆಂದು ತಿಳಿಯತಕ್ಕದ್ದು.